ವಾಪಸ್ ಬರ್ತೀಯಾ?

ಚೆನ್ನೈನ ಅಣ್ಣಾ ಸಾಲೈನಲ್ಲಿರುವ ಅಮೆರಿಕಾ ಕಾನ್ಸುಲೇಟಿನ ಗಾಜಿನ ಕಿಟಕಿಯ ಮುಂದೆ ನಾನು ನಿಂತಿದ್ದು ಹೆಚ್ಚೆಂದರೆ ಮೂರು ನಿಮಿಷ. ಏನು ಸಂಶೋಧನೆ ಅಂತ ಕೇಳಿದರು. ಅಂತರ್ಜಲದಲ್ಲಿರುವ ಫ್ಲೋರೈಡ್ ಬಗ್ಗೆ ಅಂದೆ. ಸಂಬಳ ಯಾರು ಕೊಡ್ತಾರೆ? ಯೂನಿವರ್ಸಿಟಿ. ಕೆಲಸ ಮುಗಿದ ಮೇಲೆ ಏನು ಮಾಡ್ತೀರಿ?

“ವಾಪಸ್ ಬರ್ತೀನಿ. ಹಾಸನದಲ್ಲಿ ಅಮ್ಮ ಒಬ್ಬರೇ ಇದ್ದಾರೆ. ನಾನು ಒಬ್ಬಳೇ ಮಗಳು.”

ವೀಸಾ ಸಿಕ್ತು. ಮನೆ ಖಾತೆ, ತೆರಿಗೆ ಕಟ್ಟಿದ ರಸೀದಿ, ಅಮ್ಮನ ಎಫ್‌ಡಿ ಎಲ್ಲ ತುಂಬಿಕೊಂಡು ಹೋಗಿದ್ದ ಫೈಲನ್ನು ಅವರು ನೋಡಲೂ ಇಲ್ಲ. ಅಮ್ಮನ ಹೆಸರೊಂದೇ ಸಾಕಾಯಿತು.

ಅವತ್ತು ರಾತ್ರಿ ರೈಲಿನಲ್ಲಿ ನಿದ್ದೆ ಬರಲಿಲ್ಲ. ಮೊದಲು ಖುಷಿಗೆ ಅಂದುಕೊಂಡೆ. ಜೋಲಾರಪೇಟೆ ದಾಟುವ ಹೊತ್ತಿಗೆ ಅದು ಖುಷಿಯಲ್ಲ ಅಂತ ಗೊತ್ತಾಯಿತು. ಅಮ್ಮ ಒಬ್ಬರೇ ಇದ್ದಾರೆ ಅನ್ನೋದು ನಾನು ಹೋಗಬಾರದು ಅನ್ನೋದಕ್ಕೆ ಇದ್ದ ಒಂದೇ ಒಂದು ಕಾರಣ. ಅದನ್ನೇ ಹೋಗುವುದಕ್ಕೆ ಸಾಕ್ಷಿ ಮಾಡಿಕೊಂಡಿದ್ದೆ.

ಸಂಶೋಧಕರಾಗಿ ಅಮೆರಿಕಾಗೆ ಹೋಗುವ ಹೆಚ್ಚಿನವರು ಹಿಡಿಯುವ ದಾರಿ ಜೆ-1 ವೀಸಾ. ಯೂನಿವರ್ಸಿಟಿಯಿಂದ ಡಿಎಸ್-2019 ಎಂಬ ಪತ್ರ ಬರಬೇಕು, ಸೆವಿಸ್ ಶುಲ್ಕ 220 ಡಾಲರ್ ಕಟ್ಟಬೇಕು, ಅರ್ಜಿಗೆ ಇನ್ನೊಂದು 185 ಡಾಲರ್. ವೀಸಾ ಸಿಗದಿದ್ದರೂ ದುಡ್ಡು ವಾಪಸ್ ಇಲ್ಲ. ಇದೆಲ್ಲ ಬರೀ ಓಡಾಟ, ಮಾಡಬಹುದು. ಕಷ್ಟದ್ದು ಇರೋದು 1952ರ ವಲಸೆ ಕಾನೂನಿನ 214(ಬಿ) ಸೆಕ್ಷನ್ನಿನಲ್ಲಿ. ಅದರ ಪ್ರಕಾರ ಕಿಟಕಿ ಮುಂದೆ ನಿಂತ ನಾನು ಅಲ್ಲೇ ನೆಲೆಸುವುದಕ್ಕೆ ಹೊರಟವಳು. ಅಲ್ಲ ಅಂತ ತೋರಿಸಿಕೊಡುವ ಹೊಣೆ ನನ್ನದು. ಬಿಟ್ಟುಬಿಡುವ ಉದ್ದೇಶವಿಲ್ಲದ ಮನೆಯೊಂದು ನಿನ್ನ ದೇಶದಲ್ಲಿ ಇರಬೇಕು ಅನ್ನುತ್ತದೆ ಆ ಕಾನೂನು.

ನನಗೆ ಅಂಥ ಉದ್ದೇಶ ಇತ್ತಾ? ಪ್ರಾಮಾಣಿಕವಾಗಿ ಹೇಳಬೇಕಂದ್ರೆ, ಗೊತ್ತಿಲ್ಲ. ಪಾವಗಡದ ಬೋರ್‌ವೆಲ್ ನೀರಿನ ಸ್ಯಾಂಪಲ್ ಹಿಡಿದುಕೊಂಡು ಪಿಎಚ್‌ಡಿ ಮಾಡಿದವಳು ನಾನು. ಆ ನೀರು ಕುಡಿದು ಹಲ್ಲು ಕಂದಾದ ಮಕ್ಕಳನ್ನು ನೋಡಿದ್ದೇನೆ. ವಾಪಸ್ ಬಂದು ಅಲ್ಲೇ ಕೆಲಸ ಮಾಡಬೇಕು ಅನ್ನೋ ಆಸೆ ನಿಜ. ಅಲ್ಲಿ ಒಳ್ಳೆಯ ಲ್ಯಾಬು, ಒಳ್ಳೆಯ ಕೆಲಸ ಸಿಕ್ಕಿದರೆ ಉಳಿದುಬಿಡಬಹುದು ಅನ್ನೋದೂ ಅಷ್ಟೇ ನಿಜ. ಆದರೆ “ಗೊತ್ತಿಲ್ಲ” ಅಂತ ಉತ್ತರ ಕೊಟ್ಟವರಿಗೆ ವೀಸಾ ಸಿಗೋದು ಕಷ್ಟ.

ಈ ಕಸಿವಿಸಿ ಹೇಳಿಕೊಂಡಾಗ ಜೊತೆಗೆ ಓದಿದ ಗೆಳೆಯನೊಬ್ಬ ನಕ್ಕ. “ಅವರು ಮೊದಲೇ ನಮ್ಮನ್ನ ಸುಳ್ಳುಗಾರರು ಅಂದ್ಕೊಂಡಿದ್ದಾರೆ. ನಂಬದೇ ಇರೋರಿಗೆ ಸತ್ಯ ಹೇಳೋ ಸಾಲ ನಮಗೇನಿದೆ?” ಅಂದ. ವಾದದಲ್ಲಿ ತೂಕ ಇದೆ. 2006ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಮಾಜಿ ನಿರ್ದೇಶಕ ಗೋವರ್ಧನ್ ಮೆಹ್ತಾ ಅವರನ್ನೇ ಇದೇ ಚೆನ್ನೈ ಕಾನ್ಸುಲೇಟಿನಲ್ಲಿ ಅನುಮಾನದಿಂದ ಪ್ರಶ್ನೆ ಮಾಡಿದ್ದರು. ಅವರು ರಸಾಯನ ವಿಜ್ಞಾನಿ. ಅವರ ವಿದ್ಯೆ ರಾಸಾಯನಿಕ ಅಸ್ತ್ರಕ್ಕೆ ಬಳಕೆಯಾದೀತು ಅನ್ನೋ ಸಂಶಯ. ಗಲಾಟೆಯಾದ ಮೇಲೆ ವೀಸಾ ಕೊಡಲು ಮುಂದೆ ಬಂದರು, ಮೆಹ್ತಾ ಹೋಗಲಿಲ್ಲ.

ಆದರೆ ಮೆಹ್ತಾ ಮಾಡಿದ್ದಕ್ಕೂ ಗೆಳೆಯ ಹೇಳಿದ್ದಕ್ಕೂ ವ್ಯತ್ಯಾಸ ಇದೆ. ಅನುಮಾನ ಪಟ್ಟವರಿಗೆ ಮೆಹ್ತಾ ಬೆನ್ನು ತಿರುಗಿಸಿದರು, ಸುಳ್ಳು ಹೇಳಲಿಲ್ಲ. ನನ್ನ ಮೇಲೆ ಅನುಮಾನ ಪಡೋದು ಅವರ ತಪ್ಪಿರಬಹುದು. ಅದರಿಂದ ಸುಳ್ಳು ಹೇಳುವ ಹಕ್ಕು ನನಗೆ ಬಂದುಬಿಡೋದಿಲ್ಲ. ಆ ಅನುಮಾನ ನಿಜ ಅಂತ ನಾನೇ ಸಾಬೀತು ಮಾಡಿದ ಹಾಗಾಗುತ್ತೆ, ಅಷ್ಟೇ. ನನ್ನ ಹಿಂದೆ ಕ್ಯೂನಲ್ಲಿ ನಿಂತವರಿಗೆ ಅದರ ಬಿಸಿ ತಟ್ಟುತ್ತೆ.

ಹಾಗಾದ್ರೆ ನಾನು ಹೇಳಿದ್ದು ಸುಳ್ಳಾ? ಕಾಂಟ್ 1785ರ ಪುಸ್ತಕದಲ್ಲಿ ಒಂದು ಉದಾಹರಣೆ ಕೊಡುತ್ತಾನೆ: ತೀರಿಸೋಕಾಗಲ್ಲ ಅಂತ ಗೊತ್ತಿದ್ದೂ ತೀರಿಸ್ತೀನಿ ಅಂತ ಮಾತು ಕೊಟ್ಟು ಸಾಲ ತಗೊಳ್ಳೋ ಮನುಷ್ಯ. ಅವನು ಮಾಡೋದು ತಪ್ಪು, ಯಾಕಂದ್ರೆ ಎಲ್ಲರೂ ಹಾಗೇ ಮಾಡಿದರೆ ಮಾತು ಅನ್ನೋದಕ್ಕೇ ಬೆಲೆ ಇರೋದಿಲ್ಲ. ನಾನು ಆ ಮನುಷ್ಯ ಅಲ್ಲ ಅಂತ ಸಮಾಧಾನ ಮಾಡಿಕೊಂಡೆ. ಅವನಿಗೆ ಗೊತ್ತಿತ್ತು, ನನಗೆ ಗೊತ್ತಿಲ್ಲ.

ತಮಾಷೆ ಅಂದ್ರೆ, ಮನುಷ್ಯರಿಗೆ ಎರಡು ಮನಸ್ಸು ಇರುತ್ತೆ ಅಂತ ಅಮೆರಿಕಾದ ಕಾನೂನಿಗೂ ಗೊತ್ತು. ಎಚ್-1ಬಿ ವೀಸಾದವರು ವಾಪಸ್ ಹೋಗುವ, ಅಲ್ಲೇ ಉಳಿಯುವ ಎರಡೂ ಉದ್ದೇಶ ಇಟ್ಟುಕೊಳ್ಳಬಹುದು ಅಂತ 1990ರ ತಿದ್ದುಪಡಿ ಒಪ್ಪಿಕೊಂಡಿತು. ಜೆ-1ಗೆ ಆ ಸೌಲಭ್ಯ ಇಲ್ಲ. ಅದೇ ಲ್ಯಾಬು, ಅದೇ ಮೈಕ್ರೋಸ್ಕೋಪು, ಒಬ್ಬರಿಗೆ ಎರಡು ಮನಸ್ಸು, ಇನ್ನೊಬ್ಬರಿಗೆ ಒಂದೇ!

ಜೆ-1ರವರಿಗೆ ಇನ್ನೊಂದು ಬೇಲಿಯೂ ಇತ್ತು. ಅಮೆರಿಕಾ ಮಾಡಿಟ್ಟಿದ್ದ ಪಟ್ಟಿಯಲ್ಲಿರುವ ವಿದ್ಯೆ ನಮ್ಮದಾಗಿದ್ದರೆ, ಎರಡು ವರ್ಷ ತವರು ದೇಶದಲ್ಲಿ ಇದ್ದು ಬರುವ ತನಕ ಗ್ರೀನ್ ಕಾರ್ಡು, ಎಚ್-1ಬಿ ಕೇಳುವ ಹಾಗಿರಲಿಲ್ಲ. 2024ರ ಡಿಸೆಂಬರ್‌ನಲ್ಲಿ ಭಾರತದ ಹೆಸರನ್ನು ಆ ಪಟ್ಟಿಯಿಂದ ತೆಗೆದರು. ಸರ್ಕಾರದ ದುಡ್ಡಿನಲ್ಲಿ ಹೋಗುವವರಿಗೆ ಆ ನಿಯಮ ಇನ್ನೂ ಇದೆ, ನನ್ನಂಥವರಿಗೆ ಇಲ್ಲ. ವಾಟ್ಸಾಪ್ ಗ್ರೂಪಿನಲ್ಲಿ ಎಲ್ಲರೂ ಕುಣಿದಾಡಿದರು, ನಾನೂ ಕುಣಿದೆ. ಆಮೇಲೆ ಅನ್ನಿಸಿತು, ಬೇಲಿ ಇದ್ದಾಗ ಮಾತು ಉಳಿಸಿಕೊಳ್ಳೋದರಲ್ಲಿ ನನ್ನ ಹೆಚ್ಚುಗಾರಿಕೆ ಏನೂ ಇರ್ತಿರಲಿಲ್ಲ. ಬೇಲಿ ಹೋದ ಮೇಲೆ ಉಳಿದಿರೋದು ಬರೀ ಮಾತು.

ಬರೀ ಮಾತು ಅಂದ ಕೂಡಲೇ ನಮಗೆ ನೆನಪಾಗೋದು ಪುಣ್ಯಕೋಟಿ. ವಾಪಸ್ ಬರ್ತೀನಿ ಅಂದ ಹಸು, ದಾಖಲೆ ಕೇಳದೆ ಬಿಟ್ಟು ಕಳಿಸಿದ ಹುಲಿ. ಶಾಲೆಯಲ್ಲಿ ಅದನ್ನು ಕೇಳಿ ಅತ್ತಿದ್ದೇನೆ. ಈಗ ನೋಡಿದರೆ ಆ ಕತೆಯಲ್ಲಿ ನನಗೆ ಮುಖ್ಯವಾಗಿ ಕಾಣೋದು ಹುಲಿ ಅಲ್ಲ. ಪುಣ್ಯಕೋಟಿ ದೊಡ್ಡಿಗೆ ಬಂದು ಕರುವಿಗೆ ನಿಜ ಹೇಳುತ್ತಾಳೆ. ಉಳಿದ ಹಸುಗಳಿಗೂ ಹೇಳಿ ಕರುವನ್ನು ಒಪ್ಪಿಸಿ ಹೋಗುತ್ತಾಳೆ. ಹುಲಿಗೆ ಕೊಟ್ಟ ಮಾತಿನಿಂದ ಯಾರ ಬದುಕು ಅಲ್ಲಾಡುತ್ತೋ ಅವರಿಗೆ ವಿಷಯ ಗೊತ್ತಿರಬೇಕು ಅನ್ನೋದು ಅವಳಿಗೆ ತಿಳಿದಿತ್ತು.

ನಾನು ಅದನ್ನು ಮಾಡಿರಲಿಲ್ಲ. ಚೆನ್ನೈಗೆ ಹೋಗುವ ವಾರ ದಾಖಲೆ ತರೋಕೆ ಅಂತ ಹಾಸನಕ್ಕೆ ಹೋಗಿದ್ದೆ. ರಾತ್ರಿ ಹಾಲ್‌ನಲ್ಲಿ ಕೂತು ಫೋನಿನಲ್ಲಿ ಗೆಳೆಯನ ಜೊತೆ ಇಂಟರ್ವ್ಯೂ ಪ್ರಾಕ್ಟೀಸ್ ಮಾಡಿದೆ. ಅಮ್ಮ ಅಡುಗೆಮನೆಯಲ್ಲಿ ದೋಸೆಗೆ ರುಬ್ಬುತ್ತಿದ್ದರು. ಅವರು ಮೂವತ್ತು ವರ್ಷ ಮೇಷ್ಟ್ರಮ್ಮ ಆಗಿದ್ದವರು, ಇಂಗ್ಲಿಷ್ ಅರ್ಥವಾಗುತ್ತೆ. “ಐ ವಿಲ್ ರಿಟರ್ನ್, ಮೈ ಮದರ್ ಈಸ್ ಅಲೋನ್” ಅಂತ ಹತ್ತು ಸಲ ಹೇಳಿದೆ. ಪ್ರತಿ ಸಲ ಸ್ವಲ್ಪ ಚೆನ್ನಾಗಿ ಹೇಳಿದೆ. ಆಫೀಸರಿಗೆ ಅದು ಉತ್ತರ, ಅಡುಗೆಮನೆಗೆ ಅದು ಮಾತು ಕೊಟ್ಟ ಹಾಗೆ ಕೇಳಿಸಿತ್ತು.

ವೀಸಾ ಬಂದ ಮೇಲೆ ಮತ್ತೆ ಹಾಸನಕ್ಕೆ ಹೋದೆ. ಊಟ ಆದಮೇಲೆ ಅಮ್ಮ ಕೇಳಿದರು: “ಅಲ್ಲಿ ಹೇಳಿದ್ದು ನಿಜಾನೇನೇ?”

“ಬರಬೇಕು ಅಂತ ಇದೆ ಅಮ್ಮ. ಬಂದೇ ಬರ್ತೀನಾ ಅಂತ ನನಗೇ ಗೊತ್ತಿಲ್ಲ.”

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಕಣ್ಣು ಒರೆಸಿಕೊಂಡರು. ಆಮೇಲೆ ಅಂದರು: “ಮೊದಲೇ ಹೇಳೋದಲ್ವೇನೇ. ಹಾಗಾದ್ರೆ ಮೇಲಿನ ಮನೆ ಬಾಡಿಗೆಗೆ ಕೊಡ್ತೀನಿ.”

ನಾನು ಮದುವೆಯಾಗಿಯೋ ಕೆಲಸ ಸಿಕ್ಕಿಯೋ ಬಂದು ಇರ್ತೀನಿ ಅಂತ ಅಪ್ಪ ಕಟ್ಟಿಸಿದ್ದ ಮಹಡಿ ಮನೆ ಅದು. ಆರು ವರ್ಷದಿಂದ ಖಾಲಿ. ಅದರ ಖಾತೆಯೇ ನನ್ನ ಫೈಲಿನಲ್ಲಿ ಇದ್ದದ್ದು, ಬಿಟ್ಟುಬಿಡುವ ಉದ್ದೇಶವಿಲ್ಲದ ಮನೆ ಅಂತ ತೋರಿಸೋಕೆ. ನಾನು ಬರ್ತೀನಿ ಅಂತ ಸುಲಭಕ್ಕೆ ಹೇಳಿಬಿಟ್ಟಿದ್ದರೆ ಅಮ್ಮ ಅದನ್ನು ಇನ್ನೂ ಐದು ವರ್ಷ ಗುಡಿಸಿ ಒರೆಸಿ ಖಾಲಿ ಇಡ್ತಿದ್ದರು. ಜೆ-1ರ ಸಂಶೋಧಕರಿಗೆ ಗರಿಷ್ಠ ಅವಧಿ ಐದು ವರ್ಷ ಅಲ್ವಾ.

ಆಫೀಸರಿಗೆ ನಾನು ಹೇಳಿದ್ದು ಸುಳ್ಳಲ್ಲ ಅಂತ ಈಗಲೂ ಅಂದುಕೊಂಡಿದ್ದೇನೆ, ಆದರೆ ಪೂರ್ತಿ ನಿಜವೂ ಅಲ್ಲ. ಬರಬೇಕು ಅನ್ನೋ ಅರ್ಧವನ್ನು ಹೇಳಿ, ಗೊತ್ತಿಲ್ಲ ಅನ್ನೋ ಅರ್ಧವನ್ನು ನುಂಗಿದೆ. ಅದಕ್ಕೆ ನಾನು ಮಾಡಬಹುದಾದದ್ದು ಒಂದೇ, ಹೇಳಿದ ಅರ್ಧವನ್ನು ಅಲ್ಲಿ ಹೋದ ಮೇಲೂ ಸಾಯೋಕೆ ಬಿಡದೇ ಇರೋದು. ನುಂಗಿದ ಅರ್ಧ ಅಮ್ಮನಿಗೆ ಸೇರಬೇಕಾದದ್ದು, ಅವರಿಗೆ ಕೊಟ್ಟಿದ್ದೇನೆ.

ಮೇಲಿನ ಮನೆಗೆ ಈಗ ನರ್ಸಿಂಗ್ ಓದುವ ಇಬ್ಬರು ಹುಡುಗಿಯರು ಬಂದಿದ್ದಾರೆ. ರಾತ್ರಿ ಒಂಬತ್ತಕ್ಕೆ ಗೇಟು ಹಾಕ್ತಾರಂತೆ. ಅಮ್ಮ ಅವರ ಮೇಲೆ ಸಣ್ಣಪುಟ್ಟದ್ದಕ್ಕೆಲ್ಲ ದೂರು ಹೇಳ್ತಾರೆ, ಬಟ್ಟೆ ಎಲ್ಲೆಂದರಲ್ಲಿ ಒಣಹಾಕ್ತಾರೆ ಅಂತ. ಕೇಳೋಕೆ ಖುಷಿಯಾಗುತ್ತೆ.