ಅಗ್ಗದ ವಜ್ರ

ತೆಳು ವಜ್ರದ ಚೂರೊಂದನ್ನು ಬೀಜದಂತೆ ಇಟ್ಟು, ಮೀಥೇನ್ ಅನಿಲ ಒಡೆದು ಬಂದ ಇಂಗಾಲವನ್ನು ಅದರ ಮೇಲೆ ಪದರಪದರವಾಗಿ ಕೂರಿಸಿದರೆ ಕೆಲವೇ ವಾರಗಳಲ್ಲಿ ವಜ್ರ ಬೆಳೆಯುತ್ತದೆ. ಸೂರತ್ತಿನಲ್ಲಿ ಇದೀಗ ದೊಡ್ಡ ಉದ್ಯಮ. ಗಣಿಯ ವಜ್ರಕ್ಕೂ ಇದಕ್ಕೂ ಬರಿಗಣ್ಣಿಗೆ ವ್ಯತ್ಯಾಸ ತಿಳಿಯದು. ಇದನ್ನು ನಕಲಿ ಎನ್ನಬಹುದೇ?

ಗಾಜನ್ನು ವಜ್ರವೆಂದು ಮಾರಿದರೆ ಅದು ನಕಲಿ. ಇದು ವಜ್ರವೇ, ಹುಟ್ಟನ್ನು ಮುಚ್ಚಿಟ್ಟು ಮಾರಿದರೆ ಮಾತ್ರ ಮೋಸ. ಡಿ ಬೀರ್ಸ್ ಕಂಪನಿಗೆ ಇಷ್ಟು ಸಾಲಲಿಲ್ಲ. 2018ರಲ್ಲಿ ಲೈಟ್‌ಬಾಕ್ಸ್ ಹೆಸರಿನಲ್ಲಿ ಪ್ರಯೋಗಾಲಯದ ವಜ್ರವನ್ನು ಕ್ಯಾರೆಟ್ಟಿಗೆ 800 ಡಾಲರಿನಂತೆ ಮಾರಲು ಹೊರಟಾಗ, ಇದು ಹುಟ್ಟುಹಬ್ಬಕ್ಕೆ ಸರಿ, ನಿಶ್ಚಿತಾರ್ಥಕ್ಕಲ್ಲ ಎಂಬ ಧಾಟಿ ಅದರದು. ಅದೇ ಇಂಗಾಲ, ಅಗ್ಗವಾದೊಡನೆ ಪ್ರೀತಿಗೆ ಅನರ್ಹ! ಹಾಗಾದರೆ ಇಷ್ಟು ದಿನ ಉಂಗುರದಲ್ಲಿ ಕೂರಿಸಿ ಮಾರಿದ್ದು ದುಬಾರಿತನವನ್ನೇ.

ಈ ಗುಟ್ಟು ಬಯಲು ಮಾಡಿದ್ದಕ್ಕೆ ಹೊಸ ವಜ್ರದ ಮೇಲೆ ನನಗೆ ಪ್ರೀತಿಯಿದೆ. ಆದರೆ ಅದನ್ನು ‘ಪರಿಸರಸ್ನೇಹಿ’ ಎಂದು ಮಾರುವವರನ್ನು, ಯಂತ್ರಕ್ಕೆ ವಿದ್ಯುತ್ತು ಎಲ್ಲಿಂದ ಬಂತು ಎಂದು ಕೇಳಲೇಬೇಕು. ಕಲ್ಲಿದ್ದಲಿನಿಂದಾದರೆ, ಅದೂ ಗಣಿಯದ್ದೇ.