ಗಳಿಕೆಯ ಶುದ್ಧಿ

'ದಾನಚಿಂತಾಮಣಿ' ಅತ್ತಿಮಬ್ಬೆ ಪೊನ್ನನ 'ಶಾಂತಿಪುರಾಣ'ದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. 993ರಲ್ಲಿ ರನ್ನನಿಂದ 'ಅಜಿತಪುರಾಣ'ವನ್ನು ರಚಿಸಿಸಿದಳು. ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದಳು. ಆಕೆ ದಂಡನಾಯಕರ ಮನೆತನದವಳು. ಸ್ವತಃ ವ್ಯಾಪಾರ ಮಾಡಿ ಸಂಸಾರವನ್ನೂ ಸಮಾಜವನ್ನೂ ಪೋಷಿಸುವ ಇಂದಿನ ಶ್ರಾವಿಕೆಗೆ ದಾನಕ್ಕಿಂತ ಮೊದಲು ಗಳಿಕೆಯ ಪ್ರಶ್ನೆ ಎದುರಾಗುತ್ತದೆ.

ರಾಮನಗರ ತಾಲ್ಲೂಕಿನ ಕೂಟಗಲ್ ರೇಷ್ಮೆಯ ಸೀಮೆ. ಅಲ್ಲಿ ಅಂಗಡಿ ನಡೆಸುವ ಶ್ರಾವಿಕೆಯೊಬ್ಬಳನ್ನು ಭಾವಿಸಬಹುದು. ಮಕ್ಕಳ ವಿದ್ಯೆ, ಅತ್ತೆಯವರ ಔಷಧ, ಬಸದಿಯ ಪೂಜೆ ಎಲ್ಲವೂ ಆಕೆಯ ದುಡಿಮೆಯಿಂದಲೇ. ರೇಷ್ಮೆ ನೂಲು ತೆಗೆಸುವ ಕಸುಬಿಗಿಳಿದರೆ ಲಾಭ ಹೆಚ್ಚು, ದಾನವೂ ಹೆಚ್ಚೀತು. ಆದರೆ ಎಳೆ ಕಡಿಯದಿರಬೇಕಾದರೆ ಗೂಡಿನೊಳಗಿನ ಹುಳು ಚಿಟ್ಟೆಯಾಗಿ ಹೊರಬರುವ ಮೊದಲೇ ಬಿಸಿಗೆ ಸಾಯಬೇಕು.

ಗೃಹಸ್ಥರಿಗೆ ಉದ್ಯೋಗದ ಹಿಂಸೆಯನ್ನು ಪೂರ್ಣವಾಗಿ ಬಿಡಲಾಗದು. ಸಂಕಲ್ಪಹಿಂಸೆ ಮಾತ್ರ ಸರ್ವಥಾ ತ್ಯಾಜ್ಯ. ನೇಗಿಲಿಗೆ ಸಿಕ್ಕ ಜೀವಿಯ ಸಾವನ್ನು ರೈತನು ಬಯಸಿದವನಲ್ಲ. ಇಲ್ಲಿಯಾದರೋ ಸಾವಿಲ್ಲದೆ ಕಸುಬೇ ಸಾಗದು. ಅದನ್ನು ಅರಿತೂ ಕೈಹಾಕಿದವಳ ಪಾಪವನ್ನು ದಾನವು ತೊಳೆಯಲಾರದು.

ಹಾಗೆಂದು ಹುಳು ಸಾಕಿ ಬದುಕುವ ನೆರೆಯವರನ್ನು ಹೀನವಾಗಿ ಕಾಣುವುದೂ ಧರ್ಮವಲ್ಲ. ವ್ರತವೆಂಬುದು ತನಗೆ ತಾನೇ ಹಾಕಿಕೊಂಡ ಎಲ್ಲೆ. ಪರರನ್ನು ಅಳೆಯುವ ಕೋಲಲ್ಲ.

ಆಕೆ ಬಿಟ್ಟುಕೊಟ್ಟ ಲಾಭವು ಬಸದಿಯ ದೇಣಿಗೆಯ ಫಲಕದಲ್ಲಿ ಕಾಣಿಸದು. ಆದರೂ ಅದೇ ಆಕೆಯ ಮೊದಲ ದಾನ: ಅಭಯದಾನ.