ಕಲಿಯುವ ಕೈಯ ಋಣ

ನೂರು ಮಂದಿಯನ್ನು ಕೊಂದವನು ವೈದ್ಯನೆಂದೂ, ಸಾವಿರ ಮಂದಿಯನ್ನು ಕೊಂದವನು ಮಹಾವೈದ್ಯನೆಂದೂ ಹಾಸ್ಯಕ್ಕೆ ಹೇಳುವುದುಂಟು. ಆ ಹಾಸ್ಯದೊಳಗೆ ಒಂದು ಕಹಿಸತ್ಯವಡಗಿದೆ. ಲೆಕ್ಕ ಕಲಿಯುವ ಹುಡುಗನು ತಪ್ಪಿದರೆ ಹಲಗೆಯನ್ನು ಒರಸಿದರಾಯಿತು. ಬಡಗಿಯ ಉಳಿ ಜಾರಿದರೆ ಮರದ ತುಂಡೊಂದು ಹಾಳಾದೀತು. ವೈದ್ಯವಿದ್ಯಾರ್ಥಿಗಾದರೋ ಹಲಗೆಯೂ ಮನುಷ್ಯನೇ, ಮರವೂ ಮನುಷ್ಯನೇ. ಹೀಗಿರಲು, ಒಬ್ಬನ ನೋವಿನಿಂದ ಮತ್ತೊಬ್ಬನು ವಿದ್ಯೆಯನ್ನು ಸಂಪಾದಿಸುವುದು ನ್ಯಾಯವೆ?

ಬೆಂಗಳೂರಿನಂಥ ಮಹಾನಗರದಲ್ಲಿ ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳುವಂತಿಲ್ಲ. 1900ರಲ್ಲಿ ತೆರೆದ ವಿಕ್ಟೋರಿಯಾ ಆಸ್ಪತ್ರೆಯು, 1955ರಲ್ಲಿ ‘ಕೊರವಂಜಿ’ಯ ಡಾ. ಶಿವರಾಂ ಮೊದಲಾದವರ ಪ್ರಯತ್ನದಿಂದ ಹುಟ್ಟಿದ ವೈದ್ಯಕೀಯ ಕಾಲೇಜಿಗೆ ಪಾಠಶಾಲೆಯಾಯಿತು. ಆಮೇಲೆ ಇಂಥ ಕಾಲೇಜುಗಳು ನಗರದಲ್ಲಿ ಒಂದೊಂದಾಗಿ ಬೆಳೆದುವು. 2012ರಲ್ಲಿ ರಾಜಾಜಿನಗರದ ಇ.ಎಸ್.ಐ. ಆಸ್ಪತ್ರೆಯಲ್ಲಿಯೂ ವೈದ್ಯಪದವಿಯ ತರಗತಿಗಳು ಆರಂಭವಾದುವು. ಅಲ್ಲಿಗೆ ದೂರವಲ್ಲದ ಕಾಮಾಕ್ಷಿಪಾಳ್ಯದ ಓಣಿಗಳಲ್ಲಿ ಲೇತು, ಪ್ರೆಸ್ಸುಗಳ ಸಣ್ಣ ಕಾರ್ಖಾನೆಗಳು ಸಾಲುಸಾಲಾಗಿವೆ. ಅಂಥದೊಂದರಲ್ಲಿ ಪ್ರೆಸ್ಸಿನ ಕೆಳಗೆ ಬೆರಳು ಸಿಕ್ಕ ಕಾರ್ಮಿಕನೊಬ್ಬನು ಆಸ್ಪತ್ರೆಯ ಮಂಚದಲ್ಲಿ ಮಲಗಿರುವುದನ್ನು ಊಹಿಸಬಹುದು. ಹಿರಿಯ ವೈದ್ಯನ ಹಿಂದೆ ಹತ್ತು ಮಂದಿ ವಿದ್ಯಾರ್ಥಿಗಳು ಬರುತ್ತಾರೆ. ಒಬ್ಬನಾದ ಮೇಲೆ ಒಬ್ಬನು ಆ ಕೈಯನ್ನು ಹಿಡಿದು ನೋಡುತ್ತಾನೆ. ಅವರಿಗೆ ಅದು ಪಾಠ. ಅವನಿಗೆ ಹತ್ತು ಸಲದ ನೋವು.

ಚಿಕಿತ್ಸೆಯು ಧರ್ಮಾರ್ಥವಾಗಿ ದೊರೆಯುವುದರಿಂದ ರೋಗಿಯು ಇಷ್ಟನ್ನು ಸಹಿಸಬೇಕಾದುದು ನ್ಯಾಯವೇ ಎಂದು ಕೆಲವರು ವಾದಿಸಬಹುದು. ಈ ವಾದ ನಿಲ್ಲುವುದಿಲ್ಲ. 1948ರ ಶಾಸನದಿಂದ ಹುಟ್ಟಿದ ಕಾರ್ಮಿಕವಿಮೆಯು ಭಿಕ್ಷೆಯಲ್ಲ. ಮಾಲೀಕನ ಪಾಲಿನೊಡನೆ ಕಾರ್ಮಿಕನ ಕೂಲಿಯಿಂದಲೂ ತಿಂಗಳು ತಿಂಗಳಿಗೆ ಒಂದಂಶ ಅದಕ್ಕೆ ಸಲ್ಲುವುದು. ಅವನು ತನ್ನ ಹಣದಿಂದ ಕಟ್ಟಿದ ಮನೆಯಲ್ಲಿಯೇ ಮಲಗಿದ್ದಾನೆ. ಇನ್ನು ಸರ್ಕಾರದ ಆಸ್ಪತ್ರೆಯ ಕಡುಬಡವನು ಏನನ್ನೂ ಕೊಟ್ಟಿಲ್ಲವೆಂದೇ ಇಟ್ಟುಕೊಂಡರೂ, ಬೇರೆ ದಾರಿಯಿಲ್ಲದವನ ಮೌನವನ್ನು ಸಮ್ಮತಿಯೆಂದು ಎಣಿಸುವುದು ಧರ್ಮವಲ್ಲ.

ವಿದ್ಯಾರ್ಥಿಯು ಶುಲ್ಕವನ್ನು ತೆತ್ತಿರುವುದರಿಂದ ಅವನ ಋಣ ತೀರಿತೆಂಬುದು ಎರಡನೆಯ ವಾದ. ಕ್ಯಾಪಿಟೇಷನ್ ಶುಲ್ಕವನ್ನು ತಡೆಯಲು ಕರ್ನಾಟಕವು 1984ರಲ್ಲಿ ಕಾಯಿದೆ ಮಾಡಬೇಕಾಯಿತು. ಈ ನಾಡಿನ ಖಾಸಗಿ ವೈದ್ಯಕೀಯ ಕಾಲೇಜೊಂದರ ಮೊಕದ್ದಮೆಯಲ್ಲಿ ಅಂಥ ಶುಲ್ಕ ಸಲ್ಲದೆಂದು 1992ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತು. ಇಷ್ಟರಿಂದಲೇ ವೈದ್ಯವಿದ್ಯೆಗೆ ಹಣದ ನಂಟು ಎಷ್ಟು ಬಿಗಿಯಾಗಿದೆಯೆಂದು ತಿಳಿಯುವುದು. ಆದರೆ ಶುಲ್ಕವು ಅಲ್ಪವಾಗಲಿ ಅಧಿಕವಾಗಲಿ, ಅದು ಕಟ್ಟಡಕ್ಕೆ, ಉಪಕರಣಗಳಿಗೆ, ಅಧ್ಯಾಪಕರ ಸಂಬಳಕ್ಕೆ ಸಲ್ಲತಕ್ಕದ್ದು. ಕಾರ್ಮಿಕನ ಜಜ್ಜಿದ ಕೈಗೆ ಬೆಲೆ ಕಟ್ಟಿದವರು ಯಾರು? ಆ ಹಣದಲ್ಲಿ ಅವನಿಗೆ ಸಂದುದೆಷ್ಟು? ಶವಚ್ಛೇದನದ ಮೇಜಿನ ಮೇಲಿನ ಮೊದಲ ಗುರುವಿಗಂತೂ ದಕ್ಷಿಣೆಯೇ ಇಲ್ಲ. 1957ರ ಅಂಗರಚನಾ ಕಾಯಿದೆಯಂತೆ, ಕೇಳುವವರಿಲ್ಲದ ಶವಗಳನ್ನು ಕಾಲೇಜುಗಳಿಗೆ ಒಪ್ಪಿಸಲು ಅವಕಾಶವುಂಟು. ಬದುಕಿದ್ದಾಗ ಮನೆಯಿಲ್ಲದವನು ಸತ್ತ ಮೇಲೆ ಗುರುಪೀಠವನ್ನೇರುತ್ತಾನೆ. ಶಿಷ್ಯರಿಗೆ ಅವನ ಹೆಸರೂ ತಿಳಿಯದು. ತಮ್ಮ ದೇಹವನ್ನು ತಾವೇ ದಾನವಾಗಿ ಬರೆದುಕೊಡುವ ಮಹನೀಯರೂ ಉಂಟು. ಇವರು ಕೊಟ್ಟದ್ದು, ಅವನಿಂದ ಪಡೆದದ್ದು.

ಹಾಗಾದರೆ ರೋಗಿಯನ್ನು ವಿದ್ಯಾರ್ಥಿಯು ಮುಟ್ಟಲೇಬಾರದೆ? ಹಾಗೆನ್ನುವುದೂ ಅವಿವೇಕವೇ. ಇಂದಿನ ವಿದ್ಯಾರ್ಥಿಗೆ ಕಲಿಸದಿದ್ದರೆ ನಾಳೆಯ ಕಾರ್ಮಿಕನಿಗೆ ವೈದ್ಯನೇ ಇರುವುದಿಲ್ಲ. ಬೊಂಬೆಗಳ ಮೇಲೆ, ಯಂತ್ರಗಳ ಮೇಲೆ ಕೈ ಪಳಗಿಸುವ ಉಪಾಯಗಳು ಈಗ ಬಂದಿವೆ. ಅವುಗಳಿಂದ ಬಹಳ ನೋವು ತಪ್ಪುವುದು ನಿಜ. ಆದರೂ ಕೊನೆಗೊಮ್ಮೆ ಜೀವಂತ ಮನುಷ್ಯನ ಮೈಯನ್ನು ಮುಟ್ಟದೆ ಯಾವನೂ ವೈದ್ಯನಾಗಲಾರನು. ಆದುದರಿಂದ ಹೀಗೆ ಕಲಿಯುವುದು ಪಾಪವಲ್ಲ. ಕಲಿತುದು ಸಾಲವೆಂಬುದನ್ನು ಮರೆಯುವುದು ಪಾಪ.

ಸಾಲವೆಂದು ತಿಳಿದವನ ನಡತೆಯೇ ಬೇರೆಯಾಗುವುದು. ಅವನು ರೋಗಿಯನ್ನು ಮಂಚದ ಅಂಕೆಯಿಂದ ಕರೆಯದೆ ಹೆಸರಿನಿಂದ ಕರೆಯುವನು. ತಾನಿನ್ನೂ ಕಲಿಯುವವನೆಂದು ರೋಗಿಗೆ ತಿಳಿಯುವ ಭಾಷೆಯಲ್ಲಿಯೇ ಹೇಳಿ, ‘ನೋಡಬಹುದೆ?’ ಎಂದು ಕೇಳುವನು. ಬೇಡವೆಂದರೆ ಮುಖ ಗಂಟಿಕ್ಕದೆ ಹಿಂದಕ್ಕೆ ಸರಿಯುವನು. ಹತ್ತು ಕೈಗಳು ಮುಟ್ಟಬೇಕಾದಲ್ಲಿ ಎರಡೇ ಸಾಕೆಂದು ಗುರುವೂ ತಡೆಯುವನು. ಶಿಷ್ಯನು ರೋಗಿಯ ಹಿತಕ್ಕಾಗಿ ಸರ್ವಪ್ರಯತ್ನದಿಂದ ದುಡಿಯತಕ್ಕದ್ದೆಂದೂ, ಅವನ ಮನೆಯ ಗುಟ್ಟನ್ನು ಹೊರಗೆಡಹಬಾರದೆಂದೂ ಚರಕಸಂಹಿತೆಯು ವಿಧಿಸುವುದು ಪಾಠ ಮುಗಿದ ಮೇಲಲ್ಲ, ಪಾಠದ ಆರಂಭದಲ್ಲಿಯೇ. ಬಡವರ ಮೈ ಮಾತ್ರವೇ ಪಾಠಕ್ಕೆ, ಧನಿಕರ ಮೈ ಪಳಗಿದ ಕೈಗೆ ಎಂಬ ವಿಭಾಗವೂ ಕೂಡದು. ವಿದ್ಯೆಯ ಫಲ ಎಲ್ಲರಿಗೂ ಬೇಕಾದಲ್ಲಿ ಅದರ ಕಷ್ಟದಲ್ಲಿಯೂ ಎಲ್ಲರಿಗೂ ಪಾಲಿರತಕ್ಕದ್ದು.

ದೇವಋಣ, ಋಷಿಋಣ, ಪಿತೃಋಣಗಳೊಡನೆ ಮನುಷ್ಯಋಣವೆಂಬ ನಾಲ್ಕನೆಯದನ್ನೂ ಶತಪಥಬ್ರಾಹ್ಮಣವು ಹೇಳುತ್ತದೆ. ವೈದ್ಯನಿಗೆ ಇದೇ ಮೊದಲನೆಯದು. ಇ.ಎಸ್.ಐ. ಕಾಲೇಜುಗಳಲ್ಲಿ ವಿಮಾದಾರ ಕಾರ್ಮಿಕರ ಮಕ್ಕಳಿಗೆ ಕೆಲವು ಸ್ಥಾನಗಳನ್ನು ಮೀಸಲಿಟ್ಟಿರುವುದು ಈ ಋಣದ ಒಂದು ಕಂತು. ಉಳಿದುದನ್ನು ಒಬ್ಬೊಬ್ಬ ವೈದ್ಯನೂ ತಾನೇ ತೀರಿಸಬೇಕು. ಕೈಗೊಟ್ಟ ಆ ಕಾರ್ಮಿಕನು ಅವನಿಗೆ ಮತ್ತೆ ಸಿಕ್ಕಲಾರನು; ಆದರೆ ಅವನಂಥವರು ಸಿಕ್ಕೇ ಸಿಕ್ಕುವರು. ಹತ್ತು ಮಂದಿಗಿಂತ ಕಡಮೆ ಕೆಲಸಗಾರರಿರುವ ಸಣ್ಣ ಕಾರ್ಖಾನೆಗೆ ಸಾಮಾನ್ಯವಾಗಿ ವಿಮೆಯ ಆಸರೆಯೂ ಇಲ್ಲ. ಅಂಥಲ್ಲಿಂದ ಬಂದವನೊಬ್ಬನು ಬಟ್ಟೆ ಸುತ್ತಿದ ಕೈಯನ್ನು ಹಿಡಿದುಕೊಂಡು ಬಾಗಿಲಲ್ಲಿ ನಿಂತಾಗ, ವೈದ್ಯನು ಮೊದಲು ನೋಡುವುದು ಗಾಯವನ್ನೋ ಜೇಬನ್ನೋ ಎಂಬುದರಿಂದಲೇ ಅವನು ಸಾಲವನ್ನು ನೆನೆದಿರುವನೋ ಮರೆತಿರುವನೋ ಗೊತ್ತಾಗುವುದು.